ಯಾರ ಮಾತು ಕೇಳಿ ಟಿಕೆಟ್ ತಗೊಳ್ಳೋಣ?

ದೊಡ್ಡ ಸಿನಿಮಾ ಒಂದು ಬಿಡುಗಡೆ ಆಯ್ತು ಅಂದ್ರೆ ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಮೊಬೈಲಿಗೆ ಎರಡು ತೀರ್ಪು ಬಂದು ಬಿದ್ದಿರುತ್ತೆ. ವಿಮರ್ಶಕರದ್ದು ಒಂದು: "ಕಥೆ ಇಲ್ಲ, ಸದ್ದು ಜಾಸ್ತಿ, 5ಕ್ಕೆ 2." ಪ್ರೇಕ್ಷಕರದ್ದು ಇನ್ನೊಂದು: "ಬೆಂಕಿ ಗುರೂ! 10ಕ್ಕೆ 10." ಅದರಲ್ಲೂ ಸೂಪರ್ ಹೀರೋ ಸಿನಿಮಾ ಆದ್ರೆ ಮುಗಿದೇ ಹೋಯ್ತು. ತುಂಗೆ, ಭದ್ರೆ ಕೂಡ್ಲಿಗೆ ಹೋದ ಮೇಲಾದ್ರೂ ಒಂದಾಗ್ತವೆ, ಈ ಎರಡು ಅಭಿಪ್ರಾಯ ಒಂದಾಗೋದು ಕಷ್ಟ.

ಬೆಂಗಳೂರಲ್ಲಿ ಇರೋರಿಗೆ ಇದು ದೊಡ್ಡ ವಿಷಯ ಅಲ್ಲ. ಸಿನಿಮಾ ಚೆನ್ನಾಗಿಲ್ವಾ, ಇಂಟರ್ವಲ್‌ನಲ್ಲಿ ಎದ್ದು ಬಂದು ಮಸಾಲೆ ದೋಸೆ ತಿಂದು ಮನೆಗೆ ಹೋದ್ರೆ ಆಯ್ತು. ನಾನು ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡ್ತಾ ಸೀತೂರಲ್ಲಿ ಇರೋನು. ಹೊಸ ಸಿನಿಮಾನ ಒಳ್ಳೆ ಪರದೆಯಲ್ಲಿ ನೋಡಬೇಕು ಅಂದ್ರೆ ನಮಗೆ ಶಿವಮೊಗ್ಗವೇ ಗತಿ. ಹೋಗೋಕೆ ಎರಡು ಗಂಟೆ, ಬರೋಕೆ ಎರಡು ಗಂಟೆ, ಘಾಟಿ ತಿರುವಲ್ಲಿ ಅಮ್ಮನಿಗೆ ವಾಂತಿ ಬರದಂತೆ ಲಿಂಬೆಹಣ್ಣು ಬೇರೆ ಹಿಡ್ಕೊಂಡು ಹೋಗಬೇಕು. ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ಅವರ ಮಗ, ನಾನು. ಆರು ಟಿಕೆಟ್, ಪೆಟ್ರೋಲ್, ಊಟ, ಪಾಪ್‌ಕಾರ್ನ್ ಎಲ್ಲ ಸೇರಿ 3,000 ರೂಪಾಯಿಗೆ ಕಮ್ಮಿ ಆಗಲ್ಲ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಿ ಆದೇಶ ಮಾಡಿದಾಗ ಅಪ್ಪ ಖುಷಿಪಟ್ಟಿದ್ರು. ಅದೇ ತಿಂಗಳಲ್ಲಿ ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಅಪ್ಪನ ಖುಷಿ ಹತ್ತು ದಿನದ್ದು.

ಹಾಗಾಗಿ ನಮ್ಮನೇಲಿ ಥಿಯೇಟರ್ ಸಿನಿಮಾ ಅಂದ್ರೆ ವರ್ಷಕ್ಕೆ ಒಂದೋ ಎರಡೋ. ಯಾವುದು ಅಂತ ಆರಿಸೋದು ನನ್ನ ಜವಾಬ್ದಾರಿ, ಯಾಕಂದ್ರೆ "ಕಂಪ್ಯೂಟರ್ ಓದಿದೋನು ನೀನು, ನೋಡಿ ಹೇಳು." ಈ ಜವಾಬ್ದಾರಿಯಿಂದಾಗಿ ನಾನು ಈ ಅಂಕ, ಶೇಕಡಾ, ನಕ್ಷತ್ರ ಇವೆಲ್ಲ ಎಲ್ಲಿಂದ ಹುಟ್ಟುತ್ತೆ ಅಂತ ಸ್ವಲ್ಪ ಕೆದಕಿ ನೋಡಿದ್ದೀನಿ. ಅದನ್ನೇ ಇವತ್ತು ನಿಮ್ಮ ಮುಂದೆ ಇಡ್ತೀನಿ.

ಈ ಜಗಳದ ಅತಿ ಪ್ರಸಿದ್ಧ ಕೇಸು 2016ರ ಮಾರ್ಚ್‌ನಲ್ಲಿ ಬಂದ 'ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್'. ವಿಮರ್ಶೆಗಳನ್ನೆಲ್ಲ ಒಟ್ಟುಹಾಕೋ ರಾಟನ್ ಟೊಮ್ಯಾಟೋಸ್ ಅನ್ನೋ ತಾಣದಲ್ಲಿ ವಿಮರ್ಶಕರು ಅದಕ್ಕೆ ಕೊಟ್ಟಿದ್ದು ಶೇ. 29. ಅದೇ ತಾಣದಲ್ಲಿ ಪ್ರೇಕ್ಷಕರ ಅಂಕ ಶೇ. 60ರ ಆಸುಪಾಸು. ಅಭಿಮಾನಿಗಳು ಕೆಂಡಾಮಂಡಲ. ಅದೇ ವರ್ಷ 'ಸುಯಿಸೈಡ್ ಸ್ಕ್ವಾಡ್' ಬಂದಾಗಲಂತೂ ಆ ತಾಣವನ್ನೇ ಮುಚ್ಚಿಸಬೇಕು ಅಂತ ಅಭಿಮಾನಿಗಳು ಸಹಿ ಸಂಗ್ರಹ ಮಾಡಿದ್ರು.

ಇಲ್ಲೊಂದು ಸಣ್ಣ ಲೆಕ್ಕ ಇದೆ. ಶೇ. 29 ಅಂದ ತಕ್ಷಣ ನಾವೆಲ್ಲ ಪರೀಕ್ಷೆಯಲ್ಲಿ 100ಕ್ಕೆ 29 ಅಂದ್ಕೊಳ್ತೀವಿ. ಫೇಲ್! ಅದು ಹಾಗಲ್ಲ. 100 ವಿಮರ್ಶಕರಲ್ಲಿ 29 ಜನ 'ನೋಡಬಹುದು' ಅಂದ್ರು ಅಂತಷ್ಟೇ ಅದರ ಅರ್ಥ. ಅದೇ ವಿಮರ್ಶಕರು ಕೊಟ್ಟ ಅಂಕದ ಸರಾಸರಿ ತೆಗೆದ್ರೆ 10ಕ್ಕೆ ಸುಮಾರು 5 ಬರುತ್ತೆ. ನಮ್ಮ ಭಾಷೆಯಲ್ಲಿ 'ಅಂಥಾ ಮೋಸ ಇಲ್ಲ, ಅಂಥಾ ಚೆನ್ನಾಗೂ ಇಲ್ಲ'. ಈಗ ಉಲ್ಟಾ ಯೋಚಿಸಿ. ಒಂದು ಸಿನಿಮಾನ 100 ಜನರೂ 'ಪರವಾಗಿಲ್ಲಪ್ಪ' ಅಂದ್ರೆ ಅದಕ್ಕೆ ಶೇ. 100. ಇನ್ನೊಂದು ಸಿನಿಮಾನ 50 ಜನ ಎದೆಗೆ ಹಚ್ಚಿಕೊಂಡು, ಉಳಿದ 50 ಜನ ಎದ್ದು ಹೋದ್ರೆ ಅದಕ್ಕೆ ಶೇ. 50. ನನಗೆ ಕೇಳಿದ್ರೆ ಎರಡನೇ ಸಿನಿಮಾ ಹೆಚ್ಚು ಕುತೂಹಲದ್ದು. ಆದ್ರೆ ಅಂಕಿ ಮೊದಲನೇದರ ಕಡೆ ಕೈ ತೋರಿಸುತ್ತೆ.

ಅಡಿಕೆ ಬೆಳೆಯೋರಿಗೆ ಇದು ಬೇಗ ಅರ್ಥ ಆಗುತ್ತೆ. ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಬೇರೆ ದರ ಬರೀತಾರೆ. ಎಲ್ಲ ಸೇರಿಸಿ ಸರಾಸರಿ ತೆಗೆದು 'ಇವತ್ತಿನ ಅಡಿಕೆ ದರ ಇಷ್ಟು' ಅಂತ ಬೋರ್ಡ್ ಹಾಕಿದ್ರೆ ಯಾರಿಗೂ ಉಪಯೋಗ ಇಲ್ಲ. ನಿಮ್ಮ ಮೂಟೆಯಲ್ಲಿ ಇರೋದು ಯಾವುದು ಅನ್ನೋದು ಮುಖ್ಯ. ಸಿನಿಮಾದ ಅಂಕದಲ್ಲಿ ಸರಕನ್ನೂ ಗೊರಬಲನ್ನೂ ಒಂದೇ ತಕ್ಕಡಿಗೆ ಸುರಿದುಬಿಡ್ತಾರೆ.

ಹಾಗಾದ್ರೆ ಪ್ರೇಕ್ಷಕರ ಅಂಕವೇ ಸರಿಯಾ? ಅದನ್ನೂ ಸ್ವಲ್ಪ ಕೆದಕೋಣ. ನಾನು ಕೆಲಸ ಮಾಡೋದು ಆ್ಯಪ್‌ಗಳ ಮೇಲೆ. ಜನ ಆ್ಯಪ್‌ಗೆ ನಕ್ಷತ್ರ ಕೊಡೋದನ್ನ ದಿನಾ ನೋಡ್ತೀನಿ. 5 ಕೊಡೋರು ಜಾಸ್ತಿ, 1 ಕೊಡೋರು ಜಾಸ್ತಿ, ಮಧ್ಯದಲ್ಲಿ ಖಾಲಿ. ಸುಮ್ಮನೆ ಬಳಸಿ ಸುಮ್ಮನೆ ಇರೋ ಬಹುಪಾಲು ಜನ ಏನೂ ಬರೆಯೋದೇ ಇಲ್ಲ. ಸಿನಿಮಾಕ್ಕೂ ಅದೇ. ಮೊದಲ ದಿನ, ಮೊದಲ ಶೋಗೆ ಬೆಳಗಿನ ಜಾವ ಎದ್ದು ಹೋಗೋರು ಯಾರು? ಅಭಿಮಾನಿಗಳು. ಅವರು ಮೆಚ್ಚೋಕೆ ಅಂತಲೇ ಹೋಗಿರ್ತಾರೆ. ಇನ್ನೊಬ್ಬ ನಟನ ಅಭಿಮಾನಿ ಮನೇಲೇ ಕೂತು 1 ಒತ್ತುತ್ತಾನೆ. ಅಡಿಕೆ ಒಣಗಿಸೋ ಬಿಸಿಲಲ್ಲಿ ಮೂರು ದಿನ ಬಿಟ್ಟು ಸಂಸಾರ ಕಟ್ಕೊಂಡು ಹೋಗೋ ನಮ್ಮಂಥವರ ಅಭಿಪ್ರಾಯ ಆ ಅಂಕದಲ್ಲಿ ಎಲ್ಲಿದೆ?

ರಾಟನ್ ಟೊಮ್ಯಾಟೋಸ್‌ಗೂ ಇದು ಗೊತ್ತಾಗಿತ್ತು. 2019ರಲ್ಲಿ 'ಕ್ಯಾಪ್ಟನ್ ಮಾರ್ವೆಲ್' ಇನ್ನೂ ಬಿಡುಗಡೆಯೇ ಆಗದ ಹೊತ್ತಿಗೆ ಅದರ ಪುಟದಲ್ಲಿ ಬೈಗುಳದ ಮಳೆ ಸುರೀತು. ಬಿಡುಗಡೆಗೆ ಮೊದಲು ಅನಿಸಿಕೆ ಬರೆಯೋ ಸೌಲಭ್ಯವನ್ನೇ ಅವರು ತೆಗೆದ್ರು. ಅದೇ ವರ್ಷ, ಟಿಕೆಟ್ ತಗೊಂಡಿದ್ದು ಖಾತ್ರಿಯಾದವರ ಅಂಕವನ್ನ ಬೇರೆಯಾಗಿ ತೋರಿಸೋಕೆ ಶುರು ಮಾಡಿದ್ರು. ಮನೆ ನೋಡದೇ ಮನೆಗೆ ದೋಷ ಹೇಳೋರು ನಮ್ಮೂರಲ್ಲಷ್ಟೇ ಇರೋದಲ್ಲ ಅಂತ ಆಯ್ತು.

ಮತ್ತೆ 'ಬ್ಯಾಟ್‌ಮ್ಯಾನ್'ಗೆ ಬರೋಣ. ಅಮೆರಿಕದಲ್ಲಿ ಮೊದಲ ವಾರಾಂತ್ಯದ ಗಳಿಕೆ ಸುಮಾರು 16.6 ಕೋಟಿ ಡಾಲರ್. ವಿಮರ್ಶಕರ ಬಾಯಿ ಮುಚ್ಚಿಸಿದ್ವಿ ಅಂತ ಅಭಿಮಾನಿಗಳು ಕುಣಿದ್ರು. ಎರಡನೇ ವಾರಾಂತ್ಯದಲ್ಲಿ ಗಳಿಕೆ ಶೇ. 69ರಷ್ಟು ಬಿತ್ತು. ಅಂದ್ರೆ ಮೊದಲ ವಾರ ಮಾತಾಡಿದ್ದು ಜಾಹೀರಾತು ಮತ್ತು ಆಸೆ. ಪ್ರೇಕ್ಷಕ ನಿಜವಾಗಿ ಮಾತಾಡಿದ್ದು ಎರಡನೇ ವಾರ, ಅದೂ ಬಾಯಲ್ಲಿ ಅಲ್ಲ, ಕಾಲಲ್ಲಿ. ಹಾಗಂತ ವಿಮರ್ಶಕರೇ ಗೆದ್ರು ಅಂತಾನೂ ಹೇಳೋಕಾಗಲ್ಲ. 2018ರಲ್ಲಿ 'ವೆನಮ್'ಗೆ ಅವರು ಕೊಟ್ಟಿದ್ದು ಹೆಚ್ಚು ಕಡಿಮೆ ಅಷ್ಟೇ, ಶೇ. 30. ಆ ಸಿನಿಮಾ ಜಗತ್ತಿನಾದ್ಯಂತ 85 ಕೋಟಿ ಡಾಲರ್ ದಾಟಿ ನಡೀತು. ಒಂದೇ ಅಂಕ, ಎರಡು ಹಣೆಬರಹ.

ನನಗೆ ಅನಿಸೋದು ಇಷ್ಟೇ. ವಿಮರ್ಶಕ ಮತ್ತು ಪ್ರೇಕ್ಷಕ ಬೇರೆ ಬೇರೆ ಪ್ರಶ್ನೆಗೆ ಉತ್ತರ ಬರೀತಿದ್ದಾರೆ, ನಾವು ಒಂದೇ ಪ್ರಶ್ನೆಪತ್ರಿಕೆ ಅಂದ್ಕೊಂಡು ಅಂಕ ಹೋಲಿಸ್ತಿದ್ದೀವಿ. ವಾರಕ್ಕೆ ಮೂರು ನಾಲ್ಕು ಸಿನಿಮಾ ನೋಡೋ ವಿಮರ್ಶಕ ಕೇಳೋದು 'ಇದರಲ್ಲಿ ಹೊಸದೇನಿದೆ?' ಅಂತ. ಆಕಾಶ ಬಿರಿದು, ಊರು ಉರಿದು, ಕೊನೇ ಗಳಿಗೆಯಲ್ಲಿ ನಾಯಕ ಹಾರಿ ಬರೋದನ್ನ ಅವರು ಐವತ್ತನೇ ಸಲ ನೋಡ್ತಿರ್ತಾರೆ. ನಮ್ಮಣ್ಣನ ಮಗ ನಾಲ್ಕನೇ ಕ್ಲಾಸು. ಅವನಿಗೆ ಅದು ಮೊದಲನೇ ಸಲ. "ಚಿಕ್ಕಪ್ಪಾ, ಅವ್ನು ಹಾರ್‍ದ ನೋಡು!" ಅಂತ ತೋಳು ಹಿಡ್ಕೊಂಡಿದ್ದ. ಅವನ ಕಣ್ಣೂ ಸುಳ್ಳಲ್ಲ, ವಿಮರ್ಶಕನ ಆಕಳಿಕೆಯೂ ಸುಳ್ಳಲ್ಲ.

ಇಬ್ಬರೂ ಬೇಕು ಅನ್ನೋದಕ್ಕೆ ಹತ್ತಿರದ ಉದಾಹರಣೆ 'ಲೋಕಾ'. 2025ರ ಆಗಸ್ಟ್ 28ಕ್ಕೆ ಬಂದ ಮಲಯಾಳಂ ಸೂಪರ್ ಹೀರೋ ಸಿನಿಮಾ, ಡೊಮಿನಿಕ್ ಅರುಣ್ ನಿರ್ದೇಶನ, ಕಲ್ಯಾಣಿ ಪ್ರಿಯದರ್ಶನ್ ನಾಯಕಿ, ದುಲ್ಕರ್ ಸಲ್ಮಾನ್ ಅವರ ಸಂಸ್ಥೆಯ ನಿರ್ಮಾಣ. ಕಥೆ ನಡೆಯೋದು ನಮ್ಮ ಬೆಂಗಳೂರಲ್ಲಿ. ವಿಮರ್ಶಕರೂ ಮೆಚ್ಚಿದ್ರು, ಜನರೂ ಮುಗಿಬಿದ್ರು. ಅಪರೂಪಕ್ಕೆ ಇಬ್ಬರೂ ಒಂದು ಕಡೆ. ಆದ್ರೆ ಅದರಲ್ಲಿ ಖಳ ಪಾತ್ರದ ಪೊಲೀಸ್ ಬೆಂಗಳೂರಿನ ಹೆಣ್ಣುಮಕ್ಕಳ ನಡತೆ ಬಗ್ಗೆ ಹಗುರವಾಗಿ ಆಡೋ ಒಂದು ಮಾತಿತ್ತು. ನಾನು ಓದಿದ ವಿಮರ್ಶೆಗಳಲ್ಲಿ ಆ ಸಾಲಿನ ಸುದ್ದಿಯೇ ಇರಲಿಲ್ಲ. ಅದನ್ನ ಹಿಡಿದಿದ್ದು, ಚುಚ್ಚಿತು ಅಂತ ಹೇಳಿದ್ದು ಕನ್ನಡದ ಸಾಮಾನ್ಯ ಪ್ರೇಕ್ಷಕರು. ಸೆಪ್ಟೆಂಬರ್ ಮೊದಲ ವಾರದಲ್ಲೇ ನಿರ್ಮಾಣ ಸಂಸ್ಥೆ ಕರ್ನಾಟಕದ ಜನರ ಕ್ಷಮೆ ಕೇಳಿ, ಆ ಮಾತನ್ನ ಸರಿಪಡಿಸ್ತೀವಿ ಅಂತು. ಸಿನಿಮಾ ಓಡೋದೇನೂ ನಿಲ್ಲಲಿಲ್ಲ. ಟೀಕೆ ಬಂದ್ರೆ ಸಿನಿಮಾ ಸಾಯುತ್ತೆ ಅನ್ನೋದು ಎಲ್ಲ ಸಲ ನಿಜ ಅಲ್ಲ ಅನ್ನೋದಕ್ಕೂ ಇದೇ ಸಾಕ್ಷಿ.

ಹಳೇದು ಬೇಕಾ? 1972ರ 'ನಾಗರಹಾವು'. ಕಾದಂಬರಿ ಬರೆದ ತ.ರಾ.ಸು. ಅವರಿಗೇ ಸಿನಿಮಾ ಹಿಡಿಸಲಿಲ್ಲ. ಪುಟ್ಟಣ್ಣ ನನ್ನ ನಾಗರಹಾವನ್ನ ಕೇರೆಹಾವು ಮಾಡಿದ್ರು ಅಂತ ಅವರು ಅಂದ ಮಾತು ಕನ್ನಡದಲ್ಲಿ ಗಾದೆಯಷ್ಟೇ ಪ್ರಸಿದ್ಧ. ಅದಕ್ಕಿಂತ ದೊಡ್ಡ ವಿಮರ್ಶಕ ಬೇಕಾ ಹೇಳಿ! ಜನ ಮಾತ್ರ ರಾಮಾಚಾರಿಯನ್ನ ಹೆಗಲ ಮೇಲೆ ಹೊತ್ಕೊಂಡ್ರು, ವಿಷ್ಣುವರ್ಧನ್ ಅನ್ನೋ ನಾಯಕ ಸಿಕ್ಕಿದ್ರು. 2018ರಲ್ಲಿ ಹೊಸ ರೂಪದಲ್ಲಿ ಮತ್ತೆ ಥಿಯೇಟರಿಗೆ ಬಂದಾಗಲೂ ಜನ ಹೋದ್ರು. ಐವತ್ತು ವರ್ಷ ಆಯ್ತು, ಆ ಟೀಕೆಯೂ ಬದುಕಿದೆ, ಆ ಸಿನಿಮಾವೂ ಬದುಕಿದೆ. ಯಾರೂ ಯಾರ ಬಾಯಿಗೂ ಬೀಗ ಹಾಕಬೇಕಾಗಿ ಬರಲಿಲ್ಲ.

ಹಾಗಿದ್ರೆ ಈಗ್ಯಾಕೆ ಇಷ್ಟು ಜಗಳ? ಅಪ್ಪ ಹೇಳೋ ಒಂದು ವಿಷಯದಲ್ಲಿ ಉತ್ತರ ಇದೆ. ಅವರ ಕಾಲದಲ್ಲಿ ಸಿನಿಮಾ ಮೊದಲು ಬೆಂಗಳೂರು, ಮೈಸೂರು, ಆಮೇಲೆ ಶಿವಮೊಗ್ಗದಂಥ ಊರು, ಎಷ್ಟೋ ತಿಂಗಳಾದ ಮೇಲೆ ನಮ್ಮ ಕಡೆ ಟೆಂಟಿಗೆ ಬರ್ತಿತ್ತು. ಅಷ್ಟರಲ್ಲಿ ಅದು 100 ದಿನ ಓಡಿತೋ, ಒಂದೇ ವಾರಕ್ಕೆ ಮಲಗಿತೋ ಎಲ್ಲ ಗೊತ್ತಾಗಿರ್ತಿತ್ತು. ರಾಜ್ಯವೆಲ್ಲ ಜರಡಿ ಹಿಡಿದು, ಉಳಿದ ಕಾಳು ಮಾತ್ರ ಮಲೆನಾಡಿಗೆ. ಹಳೇ ಪ್ರಿಂಟು, ಗೀಚು ಗೀಚು ಚಿತ್ರ, ಆದ್ರೆ ಸಿನಿಮಾ ಆರಿಸೋ ತಲೆನೋವು ಇರಲಿಲ್ಲ.

ಈಗ ಎಲ್ಲ ಕಡೆ ಒಂದೇ ದಿನ. 'ಕೆಜಿಎಫ್ ಚಾಪ್ಟರ್ 2' 2022ರ ಏಪ್ರಿಲ್ 14ಕ್ಕೆ ಐದು ಭಾಷೆಯಲ್ಲಿ ಒಟ್ಟಿಗೆ ಬಂತು. ಮುಸುಕು ಹಾಕದ ಸೂಪರ್ ಹೀರೋ ನಮ್ಮ ರಾಕಿ. ಇಂಥ ದೊಡ್ಡ ಸಿನಿಮಾಗಳ ದುಡ್ಡಿನ ದೊಡ್ಡ ಪಾಲು ಮೊದಲ ಮೂರು ನಾಲ್ಕು ದಿನದಲ್ಲೇ ಬರಬೇಕು ಅನ್ನೋ ಲೆಕ್ಕದಲ್ಲಿ ವ್ಯಾಪಾರ ನಡೆಯುತ್ತೆ. ಆ ಮೂರು ದಿನದಲ್ಲಿ ಯಾರಾದ್ರೂ 'ಚೆನ್ನಾಗಿಲ್ಲ' ಅಂದ್ರೆ ಅದು ಅಭಿಪ್ರಾಯ ಅನಿಸೋದಿಲ್ಲ, ಗಲ್ಲಾಪೆಟ್ಟಿಗೆಗೆ ಕೈ ಹಾಕಿದ ಹಾಗೆ ಅನಿಸುತ್ತೆ. ವಿಮರ್ಶಕ ವರ್ಸಸ್ ಪ್ರೇಕ್ಷಕ ಅಂತ ಮೇಲೆ ಕಾಣೋ ಜಗಳದ ಬೇರು ಇಲ್ಲಿದೆ. ಜಗಳ ಇರೋದು ಶುಕ್ರವಾರದಿಂದ ಭಾನುವಾರದ ತನಕ ಯಾರು ಮಾತಾಡಬೇಕು ಅನ್ನೋದರ ಮೇಲೆ.

ಇದು ಕೋರ್ಟ್ ಮೆಟ್ಟಿಲೂ ಹತ್ತಿದೆ. ಕೇರಳ ಹೈಕೋರ್ಟ್‌ನಲ್ಲಿ ಇಂಥ ಪ್ರಕರಣ ನಡೆದಾಗ, ಮೊದಲ 48 ಗಂಟೆ ವಿಮರ್ಶೆ ಹಾಕಬಾರದು ಅನ್ನೋ ಸಲಹೆ 2024ರಲ್ಲಿ ನ್ಯಾಯಾಲಯಕ್ಕೆ ನೆರವಾಗಲು ನೇಮಕವಾದ ವಕೀಲರ ವರದಿಯಲ್ಲೇ ಇತ್ತು. ಅದೇ ವರ್ಷ ಡಿಸೆಂಬರಿನಲ್ಲಿ ತಮಿಳು ನಿರ್ಮಾಪಕರ ಸಂಘ ಮೊದಲ ಮೂರು ದಿನ ವಿಮರ್ಶೆ ನಿಷೇಧಿಸಿ ಅಂತ ಕೇಳಿದಾಗ ಮದ್ರಾಸ್ ಹೈಕೋರ್ಟ್ ಒಪ್ಪಲಿಲ್ಲ. ನಮ್ಮಲ್ಲಿ 2025ರ ಡಿಸೆಂಬರ್ 11ಕ್ಕೆ 'ದಿ ಡೆವಿಲ್' ಬಿಡುಗಡೆಯಾದಾಗ ಬುಕ್‌ಮೈಶೋದಲ್ಲಿ ಅಂಕ, ಅನಿಸಿಕೆ ಎರಡೂ ಬಂದ್. ಕೋರ್ಟ್ ಆದೇಶದಂತೆ ನಿಲ್ಲಿಸಲಾಗಿದೆ ಅನ್ನೋ ಒಂದು ಸಾಲು ಮಾತ್ರ. 2026ರ ಸಂಕ್ರಾಂತಿಗೆ ಬಂದ ತೆಲುಗಿನ ಚಿರಂಜೀವಿ ಸಿನಿಮಾಕ್ಕೂ ಅದೇ ವ್ಯವಸ್ಥೆ.

ನಿರ್ಮಾಪಕರ ಸಂಕಟ ಸುಳ್ಳು ಅಂತ ನಾನು ಹೇಳಲ್ಲ. ಸಾವಿರ ಖೋಟಾ ಖಾತೆ ಸೃಷ್ಟಿಸಿ ಒಂದು ರಾತ್ರಿಯಲ್ಲಿ 1 ಅಂಕದ ಸುರಿಮಳೆ ಮಾಡೋದು ಎಷ್ಟು ಸುಲಭ ಅಂತ ನನ್ನ ಕಸುಬಿನವರಿಗೆ ಚೆನ್ನಾಗಿ ಗೊತ್ತು. ಹತ್ತು ನಿಮಿಷ ನೋಡಿ ಹೊರಗೆ ಬಂದು ಮೈಕ್ ಮುಂದೆ ಅರಚೋದು, ನಟಿಯರ ಮೈಬಣ್ಣ, ಮೈಕಟ್ಟಿನ ಬಗ್ಗೆ ಆಡಿಕೊಳ್ಳೋದು ವಿಮರ್ಶೆ ಅಲ್ಲ. ನೂರಾರು ಜನರ ಎರಡು ಮೂರು ವರ್ಷದ ಬೆವರು ಒಂದು ಸಿನಿಮಾ. ಆದ್ರೆ ಕಳೆ ಇದೆ ಅಂತ ಗದ್ದೆಗೇ ಬೆಂಕಿ ಇಡ್ತಾರಾ? ಖೋಟಾ ಖಾತೆ ಹಿಡಿಯೋ ತಂತ್ರಜ್ಞಾನ ಇದೆ. ಟಿಕೆಟ್ ಕೊಂಡವರಿಗೆ ಮಾತ್ರ, ಶೋ ಮುಗಿದ ಮೇಲೆ ಮಾತ್ರ ಅಂಕ ಕೊಡೋ ಹಾಗೆ ಮಾಡಬಹುದು. ಅದು ರಾಕೆಟ್ ಹಾರಿಸೋ ಕೆಲಸ ಅಲ್ಲ.

ಇನ್ನೊಂದು ಮಾತು. ಈ ಬೀಗ ಬಿದ್ರೆ ಮೊದಲು ಸೊರಗೋದು ಸಣ್ಣ ಸಿನಿಮಾ. 2022ರ ಸೆಪ್ಟೆಂಬರ್ 30ಕ್ಕೆ 'ಕಾಂತಾರ' ಬಂದಿದ್ದು ಕನ್ನಡದಲ್ಲಿ ಮಾತ್ರ. ನೋಡಿದವರು ನೋಡದವರಿಗೆ ಹೇಳಿದ್ರು, ವಿಮರ್ಶಕರೂ ಬರೆದ್ರು, ಎರಡು ವಾರದ ನಂತರ ಹಿಂದಿ, ತೆಲುಗು, ತಮಿಳಿಗೂ ಹೋಯ್ತು. ಆ ಮೊದಲ ಮೂರು ದಿನ ಎಲ್ಲರ ಬಾಯಿಗೂ ಬೀಗ ಇದ್ದಿದ್ರೆ? ಕೋಟಿಗಟ್ಟಲೆ ಜಾಹೀರಾತು ಮಾಡೋ ಸಿನಿಮಾಕ್ಕೆ ಜನರ ಬಾಯಿ ಬೇಡ, ಅದಕ್ಕೆ ತನ್ನದೇ ಮೈಕ್ ಇದೆ. ಮೈಕ್ ಇಲ್ಲದ ಸಿನಿಮಾಕ್ಕೆ ನಮ್ಮ ಬಾಯೇ ಮೈಕ್.

ಈಗ ನಮ್ಮನೆಯಲ್ಲಿ ಹೇಗೆ ಆರಿಸ್ತೀವಿ ಅಂತ ಹೇಳ್ತೀನಿ, ನಿಮಗೂ ಅನುಕೂಲ ಆಗಬಹುದು.

ಒಂದು, ಅಂಕ ನೋಡೋದು ಬಿಟ್ಟು ಬರಹ ಓದ್ತೀನಿ. 'ಹೊಡೆದಾಟ ಜಾಸ್ತಿ, ಭಾವನೆ ಕಮ್ಮಿ' ಅಂತ ವಿಮರ್ಶಕ ಬರೆದಿದ್ರೆ ಅದು ಅಮ್ಮನಿಗೆ ಎಚ್ಚರಿಕೆ, ಅಣ್ಣನ ಮಗನಿಗೆ ಆಮಂತ್ರಣ. ಬೈದ ವಿಮರ್ಶೆಯಿಂದಲೂ ನಮಗೆ ಬೇಕಾದ ಮಾಹಿತಿ ಸಿಗುತ್ತೆ.

ಎರಡು, ಒಬ್ಬ ವಿಮರ್ಶಕರನ್ನ ಹಿಡ್ಕೊಂಡು ವರ್ಷಗಟ್ಟಲೆ ಓದ್ತೀನಿ. ಅವರ ರುಚಿ ನನ್ನ ರುಚಿಗೆ ಹೊಂದಬೇಕು ಅಂತಿಲ್ಲ. ಅವರಿಗೆ ಯಾವುದು ಆಗಲ್ಲ ಅಂತ ಗೊತ್ತಿದ್ರೆ ಸಾಕು. ಅಡಿಕೆ ಮಂಡಿ ಸಾಹುಕಾರರು ಪ್ರತಿ ಸಲ ಒಂದು ಕೆಜಿ ಕಮ್ಮಿ ತೂಗ್ತಾರೆ ಅಂತ ಗೊತ್ತಿದ್ರೆ ಲೆಕ್ಕ ಹಾಕೋದು ಸುಲಭ ನೋಡಿ, ಹಾಗೆ.

ಮೂರು, ಸೋಮವಾರದ ತನಕ ಕಾಯ್ತೀವಿ. ಸೋಮವಾರವೂ ಸೀಟು ತುಂಬ್ತಿದ್ರೆ ಅದು ಪ್ರೇಕ್ಷಕರ ನಿಜವಾದ ಮತ. ಹೇಗೂ ಟಿಕೆಟ್ ದರವೂ ಇಳಿದಿರುತ್ತೆ.

ನಾಲ್ಕನೇದು ಎಲ್ಲಕ್ಕಿಂತ ಗಟ್ಟಿ. ಡಿಸೆಂಬರ್ ಅಂದ್ರೆ ನಮಗೆ ಕೊನೆ ಕೊಯ್ಲು, ರಾತ್ರಿ ಹತ್ತರ ತನಕ ಅಡಿಕೆ ಸುಲಿಯೋದು. ಸುಲಿಯೋಕೆ ಬರೋ ಅಕ್ಕ ಒಬ್ರು ಮಗಳ ಮನೆಗೆ ಶಿವಮೊಗ್ಗಕ್ಕೆ ಹೋದಾಗೆಲ್ಲ ಸಿನಿಮಾ ನೋಡಿ ಬರ್ತಾರೆ. ಮೆಟ್ಟುಗತ್ತಿ ಬಿಡದೇ ಅವರು ಹೇಳೋ ವಿಮರ್ಶೆ ಹೀಗಿರುತ್ತೆ: "ಎಂತ ಹೇಳೂದು ಮಾರಾಯ್ರೆ, ಅರ್ಧದ ತನಕ ಬರೀ ಗಲಾಟೆ, ಕಿವಿ ಹೋಯ್ತು. ಆಮೇಲೆ ಆ ತಾಯಿದು ಒಂದು ಬರ್ತದೆ, ಅಳು ತಡಿಯೂಕೆ ಆಗ್ಲಿಲ್ಲ. ಅಮ್ಮನ್ನ ಕರ್ಕೊಂಡು ಹೋಗಿ, ಕಿವಿಗೆ ಹತ್ತಿ ಇಟ್ಕೊಳ್ಳಿ." ವಿಮರ್ಶಕನ ಕಣ್ಣು, ಪ್ರೇಕ್ಷಕನ ಎದೆ ಎರಡೂ ಇದೆ ಇದರಲ್ಲಿ. ನಕ್ಷತ್ರ ಒಂದೂ ಇಲ್ಲ. ಯಾರಿಗೆ ಹಿಡಿಸುತ್ತೆ, ಯಾರಿಗೆ ಇಲ್ಲ ಅಂತ ಸ್ಪಷ್ಟವಾಗಿದೆ.

ಆ ಅಕ್ಕನ ಮಾತಿಗೆ ಯಾವ ಕೋರ್ಟೂ ತಡೆಯಾಜ್ಞೆ ಕೊಡೋಕಾಗಲ್ಲ ಅನ್ನೋದು ಸಮಾಧಾನ. ಆದ್ರೆ ಅಂಥ ಅಕ್ಕ ಎಲ್ಲರ ಮನೆಗೂ ಬರಲ್ಲ. ಪರವೂರಲ್ಲಿ ಒಬ್ಬಂಟಿಯಾಗಿ ಇರೋರಿಗೆ, ಸಂಬಳದ ದಿನ ನೋಡ್ಕೊಂಡು ಮಕ್ಕಳನ್ನ ಸಿನಿಮಾಕ್ಕೆ ಕರ್ಕೊಂಡು ಹೋಗೋರಿಗೆ ಆ ಆ್ಯಪ್‌ನ ನಾಲ್ಕು ಸಾಲೇ ಅಕ್ಕ. ಅಲ್ಲಿ ಖಾಲಿ ಜಾಗ ಕಂಡಾಗ ನನಗೆ ಸಿಟ್ಟಿಗಿಂತ ಅನುಮಾನ ಬರುತ್ತೆ. ಹೋಟೆಲ್ ಯಜಮಾನ ಅಡುಗೆಮನೆ ಬಾಗಿಲು ಹಾಕ್ಕೊಂಡು, 'ಮೊದಲು ಬಿಲ್ ಕೊಡಿ, ಊಟ ಹೇಗಿದೆ ಅಂತ ಆಮೇಲೆ ಗೊತ್ತಾಗುತ್ತೆ' ಅಂದ ಹಾಗೆ.

ಮುಂದಿನ ಸಲ ಸಿನಿಮಾ ನೋಡಿ ಬಂದಾಗ ನೀವೂ ಒಂದು ಕೆಲಸ ಮಾಡಿ. ನಕ್ಷತ್ರ ಒತ್ತಿ ಸುಮ್ಮನಾಗಬೇಡಿ. ಎರಡು ಸಾಲು ಬರೀರಿ. ವಯಸ್ಸಾದವರನ್ನ ಕರ್ಕೊಂಡು ಹೋಗಬಹುದಾ, ಮಕ್ಕಳು ಹೆದರ್ತಾರಾ, ದುಡ್ಡು ದಂಡ ಆಯ್ತಾ, ಎಲ್ಲಿ ಕಣ್ಣು ತುಂಬಿತು. ಎರಡು ಗಂಟೆ ದಾರಿಯ ಆಚೆ ಯಾವುದೋ ಮನೆಯವರು ನಿಮ್ಮ ಆ ಎರಡು ಸಾಲು ನಂಬಿಕೊಂಡೇ ಹೊರಡಬೇಕಾ ಬೇಡ್ವಾ ಅಂತ ತೀರ್ಮಾನ ಮಾಡ್ತಿರ್ತಾರೆ.